ಕಿರಾಣಿ ಅಂಗಡಿ ಉಳಿಯಬೇಕೇ? ಗಲ್ಲಾದಿಂದಲೇ ಶುರು ಮಾಡಿ

1983ರಲ್ಲಿ ಬೆಂಗಳೂರಿನ ಜಯನಗರದಲ್ಲಿ ಕುರ್ಚಿಯೇ ಇಲ್ಲದ ಹೋಟೆಲೊಂದು ಬಾಗಿಲು ತೆರೆಯಿತು. ಹೆಸರು ಕೆಫೆ ದರ್ಶಿನಿ. ಆರ್. ಪ್ರಭಾಕರ್ ರೂಪಿಸಿದ ಆ ಹೋಟೆಲಿನಲ್ಲಿ ಕೂರಿಸಿ ಬಡಿಸುವ ಪದ್ಧತಿ ಇರಲಿಲ್ಲ. ಮೊದಲು ದುಡ್ಡು ಕೊಟ್ಟು ಚೀಟಿ ತೆಗೆದುಕೊಳ್ಳಬೇಕು, ಕೌಂಟರಿನಲ್ಲಿ ತಟ್ಟೆ ಪಡೆಯಬೇಕು, ನಿಂತೇ ತಿನ್ನಬೇಕು. ಹೋಟೆಲು ಎಂದರೆ ಮೇಜು, ಕುರ್ಚಿ, ಸರ್ವರ್, ಬಿಲ್ಲು, ಟಿಪ್ಸು ಎಂದು ತಿಳಿದಿದ್ದ ಊರಿಗೆ ಇದು ವಿಚಿತ್ರವೇ. ಆದರೆ ಬೆಳಿಗ್ಗೆ ಆಫೀಸಿಗೆ ಓಡುವವರಿಗೆ ಬೇಕಿದ್ದುದು ಬಿಸಿ ಇಡ್ಲಿ, ಕೈಗೆಟುಕುವ ಬೆಲೆ ಮತ್ತು ಬೇಗ ಹೊರಡುವ ಅನುಕೂಲ. ಕುರ್ಚಿ ಹೋದದ್ದರಿಂದ ಅಷ್ಟೇ ಜಾಗದಲ್ಲಿ ಹೆಚ್ಚು ಜನ ತಿಂಡಿ ತಿಂದರು, ಒಂದು ತಟ್ಟೆ ಇಡ್ಲಿಯ ಮೇಲೆ ಬೀಳುವ ಬಾಡಿಗೆಯ ಪಾಲು ಇಳಿಯಿತು. ನಂತರದ ವರ್ಷಗಳಲ್ಲಿ ‘ದರ್ಶಿನಿ’ ಎಂಬುದು ಬೆಂಗಳೂರಿನಲ್ಲಿ ಒಂದು ಬಗೆಯ ಹೋಟೆಲಿಗೇ ಹೆಸರಾಯಿತು.

ವ್ಯಾಪಾರದ ಯಾವ ಪದ್ಧತಿಗೆ ಗಿರಾಕಿ ನಿಜವಾಗಿ ದುಡ್ಡು ಕೊಡುತ್ತಾರೆ, ಯಾವುದು ಅಪ್ಪನ ಕಾಲದಿಂದ ಸುಮ್ಮನೆ ನಡೆದುಕೊಂಡು ಬಂದಿದೆ? ದರ್ಶಿನಿ ಎತ್ತಿದ ಈ ಪ್ರಶ್ನೆಯನ್ನು ಇಂದು ಕೇಳಿಕೊಳ್ಳಬೇಕಾದವರು ಕಿರಾಣಿ ಅಂಗಡಿಯವರು. ಬೆಂಗಳೂರಿನ ಬಡಾವಣೆಗಳಲ್ಲಿ ಬ್ಲಿಂಕಿಟ್, ಜೆಪ್ಟೊ, ಸ್ವಿಗ್ಗಿ ಇನ್‌ಸ್ಟಾಮಾರ್ಟ್‌ಗಳು ಹಾಲು, ಮೊಟ್ಟೆಯಿಂದ ಹಿಡಿದು ಫೋನ್ ಚಾರ್ಜರ್‌ವರೆಗೆ ಎಲ್ಲವನ್ನೂ ಬಾಗಿಲಿಗೆ ತಂದು ಕೊಡುತ್ತಿವೆ. ಇತ್ತ ಜಿಲ್ಲಾ ಕೇಂದ್ರಗಳಲ್ಲಿ ದೊಡ್ಡ ಸೂಪರ್‌ಮಾರ್ಕೆಟ್‌ಗಳು ತಿಂಗಳ ದಿನಸಿಯನ್ನು ಸೆಳೆಯುತ್ತಿವೆ. ಅಂಗಡಿಯವರು ಎರಡು ತಪ್ಪು ಮಾಡುವುದು ಈಗಲೇ. ಒಂದು, ‘ನಮ್ಮ ಹಳೇ ಗಿರಾಕಿಗಳು ಎಲ್ಲಿಗೂ ಹೋಗುವುದಿಲ್ಲ’ ಎಂದು ಕೂತುಬಿಡುವುದು. ಇನ್ನೊಂದು, ಸಾಲ ಮಾಡಿ ಎ.ಸಿ., ಗಾಜಿನ ಬಾಗಿಲು ಹಾಕಿಸಿ ದೊಡ್ಡವರ ಸಣ್ಣ ನಕಲಾಗಲು ಹೊರಡುವುದು. ಎರಡನೆಯದು ಮೊದಲಿನದಕ್ಕಿಂತ ದುಬಾರಿ.

ಎದುರಾಳಿಗಳ ಚರಿತ್ರೆಯನ್ನೂ ಸ್ವಲ್ಪ ನೋಡಬೇಕು. ಬೆಂಗಳೂರಿನ ಬಿಗ್‌ಬಾಸ್ಕೆಟ್ ಕಟ್ಟಿದ ತಂಡ ಮೊದಲು ಆನ್‌ಲೈನ್ ಮಾರಾಟಕ್ಕೆ ಇಳಿದದ್ದು 1999ರಲ್ಲಿ, ಫ್ಯಾಬ್‌ಮಾರ್ಟ್ ಎಂಬ ಹೆಸರಿನಲ್ಲಿ. ಆಗ ಇಂಟರ್‌ನೆಟ್ ಇದ್ದ ಮನೆಗಳೇ ಕಡಿಮೆ. ಹಾಗಾಗಿ ಅವರು ಬೀದಿಗಿಳಿದು ಫ್ಯಾಬ್‌ಮಾಲ್ ಎಂಬ ದಿನಸಿ ಮಳಿಗೆಗಳನ್ನು ತೆರೆದರು. ಮುಂದೆ ಅವು ಆದಿತ್ಯ ಬಿರ್ಲಾ ಸಮೂಹದ ಕೈಸೇರಿ ‘ಮೋರ್’ ಆದವು. 2011ರಲ್ಲಿ ಕಾಲ ಕೂಡಿಬಂದಾಗ ಅದೇ ತಂಡ ಮತ್ತೆ ಆನ್‌ಲೈನಿಗೆ ಮರಳಿತು. 2021ರಲ್ಲಿ ಬಿಗ್‌ಬಾಸ್ಕೆಟ್‌ನ ಬಹುಪಾಲು ಟಾಟಾ ಡಿಜಿಟಲ್ ಪಾಲಾಯಿತು. ಮಾರುವ ದಾರಿಯನ್ನು ಅವರು ಎರಡು ಸಲ ಬದಲಿಸಿದರು.

ಇದಕ್ಕೆ ತದ್ವಿರುದ್ಧವಾದ ಕಥೆಯೂ ಬೆಂಗಳೂರಿನದೇ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಕೈಗಡಿಯಾರ ತಯಾರಿಕೆ ಆರಂಭಿಸಿದ ಎಚ್‌ಎಂಟಿಗೆ ಕ್ವಾರ್ಟ್ಜ್ ತಂತ್ರಜ್ಞಾನ ಗೊತ್ತಿರಲಿಲ್ಲ ಎಂದು ಹಲವರು ತಿಳಿದಿದ್ದಾರೆ. ಅದು ಸರಿಯಲ್ಲ. 80ರ ದಶಕದ ಆರಂಭದಲ್ಲೇ ಎಚ್‌ಎಂಟಿ ಕ್ವಾರ್ಟ್ಜ್ ವಾಚುಗಳನ್ನು ಮಾರುಕಟ್ಟೆಗೆ ತಂದಿತ್ತು. ಆದರೆ ಕೀಲಿ ಕೊಡುವ ವಾಚು ಚೆನ್ನಾಗಿ ಮಾರಾಟವಾಗುತ್ತಿದ್ದಾಗ ಹೊಸದರ ಮೇಲೆ ಮನಸ್ಸಿಡಲಿಲ್ಲ. 1984ರಲ್ಲಿ ಸ್ಥಾಪನೆಯಾದ ಟೈಟನ್, ಪಕ್ಕದ ಹೊಸೂರಿನಲ್ಲಿ ಕಾರ್ಖಾನೆ ಹಾಕಿ ಕ್ವಾರ್ಟ್ಜನ್ನೇ ನೆಚ್ಚಿಕೊಂಡಿತು, ಗಡಿಯಾರವನ್ನು ಆಭರಣದ ಹಾಗೆ ಮಾರಿತು. ಎಚ್‌ಎಂಟಿ ವಾಚಸ್ ಮುಚ್ಚುವ ತೀರ್ಮಾನವನ್ನು ಕೇಂದ್ರ ಸರ್ಕಾರ 2016ರಲ್ಲಿ ಪ್ರಕಟಿಸಿತು. ಬದಲಾವಣೆ ಕಣ್ಣಿಗೆ ಬಿದ್ದಿದ್ದರೂ ಹಳೆಯ ಲಾಭದಿಂದ ಬಿಡಿಸಿಕೊಳ್ಳಲಾಗದೆ ಸೋತವರ ಪಟ್ಟಿಯಲ್ಲಿ ಅದರ ಹೆಸರು ಮೇಲಿದೆ.

ಕಿರಾಣಿ ಅಂಗಡಿಗೆ ಅಷ್ಟು ದೊಡ್ಡ ಪಣವಿಲ್ಲ. ಒಂದೊಂದೇ ಪದ್ಧತಿಯನ್ನು ಎತ್ತಿಕೊಂಡು ಪರೀಕ್ಷಿಸುವ ಸ್ವಾತಂತ್ರ್ಯವಿದೆ. ಆ ಕೆಲಸ ಹೇಗೆ ಎಂಬುದು ಮುಂದಿದೆ.

ಹೆಜ್ಜೆ 1: ಹದಿನೈದು ದಿನ ಏನನ್ನೂ ಬದಲಿಸಬೇಡಿ, ಬರೆದಿಡಿ

ಗಲ್ಲಾ ಪಕ್ಕದಲ್ಲಿ ಒಂದು ನೋಟ್‌ಬುಕ್ ಇರಲಿ. ಅದರಲ್ಲಿ ಬರೆಯಬೇಕಾದ್ದು ಮೂರೇ ಸಂಗತಿ. ಗಿರಾಕಿ ಕೇಳಿದ, ಅಂಗಡಿಯಲ್ಲಿ ಇಲ್ಲದ ಸಾಮಾನು. ಯಾವ ಹೊತ್ತಿಗೆ ಎಷ್ಟು ಜನ ಬಂದರು ಎಂಬ ಗೀಟು. ಅವಧಿ ಮುಗಿದು, ಹುಳ ಬಿದ್ದು, ಇಲಿ ಕಡಿದು ಎಸೆದ ಮಾಲಿನ ಬೆಲೆ.

ಇವುಗಳಲ್ಲಿ ಮೊದಲನೆಯದೇ ಮುಖ್ಯ. ‘ಇಲ್ಲ’ ಎಂದು ಹೇಳಿ ಕಳಿಸಿದ ಗಿರಾಕಿ ಗಲ್ಲಾದ ಲೆಕ್ಕದಲ್ಲಿ ಎಲ್ಲೂ ಕಾಣುವುದಿಲ್ಲ. ನವಣೆ, ಸಾಮೆ, ಓಟ್ಸ್, ಸಕ್ಕರೆ ಹಾಕದ ಬಿಸ್ಕತ್ತು, ಬೆಕ್ಕಿನ ಆಹಾರ, ಮಕ್ಕಳ ಪ್ರಾಜೆಕ್ಟ್‌ಗೆ ಬೇಕಾದ ಚಾರ್ಟ್ ಪೇಪರ್, ಇಂಥವನ್ನು ವಾರಕ್ಕೆ ಎಷ್ಟು ಜನ ಕೇಳಿದರು ಎಂಬುದು ಬರೆದಿಟ್ಟರೆ ಮಾತ್ರ ತಿಳಿಯುತ್ತದೆ. ಒಂದೇ ಸಾಮಾನನ್ನು ಬೇರೆ ಬೇರೆ ಮನೆಯವರು ಮೂರು ಸಲಕ್ಕಿಂತ ಹೆಚ್ಚು ಕೇಳಿದ್ದರೆ ಅರ್ಧ ಡಜನ್ ತರಿಸಿ ನೋಡಬಹುದು. ಒಬ್ಬರೇ ಮೂರು ಸಲ ಕೇಳಿದ್ದರೆ ಬೇಡ, ಅವರಿಗೆ ಮಾತ್ರ ತರಿಸಿಕೊಟ್ಟರೆ ಸಾಕು.

ಗೀಟಿನ ಲೆಕ್ಕ ಬೇರೆಯದನ್ನು ಹೇಳುತ್ತದೆ. ಬಹುಪಾಲು ಬಡಾವಣೆ ಅಂಗಡಿಗಳಲ್ಲಿ ಊಟದ ನಂತರದ ಎರಡು ಗಂಟೆ ವ್ಯಾಪಾರ ತೆಳುವಾಗಿರುತ್ತದೆ. ಆ ಹೊತ್ತನ್ನು ಪೊಟ್ಟಣ ಕಟ್ಟಲು, ಲೆಕ್ಕ ಬರೆಯಲು, ಮನೆಗೆ ಸಾಮಾನು ತಲುಪಿಸಲು ಹೊಂದಿಸಿಕೊಂಡರೆ ಸಂಜೆ ಅದೇ ಕೆಲಸಗಾರ ಗಿರಾಕಿಗಳಿಗೆ ಸಿಗುತ್ತಾನೆ.

ಹೆಜ್ಜೆ 2: ಮಾರ್ಜಿನ್ ನೋಡಿದ್ದು ಸಾಕು, ಸರಕು ಎಷ್ಟು ಸಲ ತಿರುಗುತ್ತದೆ ನೋಡಿ

‘ಅದರಲ್ಲಿ ಮಾರ್ಜಿನ್ ಚೆನ್ನಾಗಿದೆ’ ಎಂಬ ಒಂದೇ ಕಾರಣಕ್ಕೆ ರ‍್ಯಾಕಿನಲ್ಲಿ ಧೂಳು ಹಿಡಿಯುತ್ತಿರುವ ಸರಕು ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. ಒಂದು ಲೆಕ್ಕ ಹಾಕಿ ನೋಡೋಣ. ಶೇ 20 ಲಾಭ ಬರುವ ಸರಕಿನ ಮೇಲೆ 10,000 ರೂಪಾಯಿ ಹಾಕಿದ್ದೀರಿ, ಅದು ವರ್ಷಕ್ಕೆ ಎರಡು ಸಲ ಖಾಲಿಯಾಗುತ್ತದೆ ಎಂದುಕೊಳ್ಳಿ. ವರ್ಷದ ಲಾಭ 4,000 ರೂಪಾಯಿ. ಅದೇ 10,000 ರೂಪಾಯಿಯನ್ನು ಶೇ 5 ಮಾತ್ರ ಲಾಭ ಕೊಡುವ, ಆದರೆ ಹತ್ತು ದಿನಕ್ಕೊಮ್ಮೆ ಖಾಲಿಯಾಗುವ ಬೇಳೆಯ ಮೇಲೆ ಹಾಕಿದ್ದರೆ ವರ್ಷಕ್ಕೆ 36 ಸಲ ತಿರುಗಿ 18,000 ರೂಪಾಯಿ ಲಾಭ. ಕಡಿಮೆ ಮಾರ್ಜಿನ್ನಿನ ಬೇಳೆ ಇಲ್ಲಿ ನಾಲ್ಕೂವರೆ ಪಟ್ಟು ದುಡಿದಿದೆ.

ಆದ್ದರಿಂದ ಅಂಗಡಿಯ ಸರಕನ್ನು ಮೂರು ರಾಶಿಯಾಗಿ ವಿಂಗಡಿಸಬೇಕು. ಹದಿನೈದು ದಿನದೊಳಗೆ ಖಾಲಿಯಾಗುವುದು, ಎರಡು ತಿಂಗಳೊಳಗೆ ಖಾಲಿಯಾಗುವುದು, ಅದನ್ನೂ ಮೀರಿ ಕೂತಿರುವುದು. ಮೂರನೇ ರಾಶಿಯನ್ನು ಅಸಲಿಗಾದರೂ ಮಾರಿ ಮುಗಿಸಿ. ಇಲ್ಲೇ ಅಂಗಡಿಯವರ ಕೈ ಹಿಂಜರಿಯುವುದು, ‘ಕೊಂಡ ಬೆಲೆಗೆ ಮಾರಿದರೆ ಏನು ಬಂತು?’ ಎಂದು. ಬಂದದ್ದು ಬಂಡವಾಳ ಮತ್ತು ಜಾಗ. ಬಾಡಿಗೆ ಕಟ್ಟುವ ಅಂಗಡಿಯಲ್ಲಿ ರ‍್ಯಾಕಿನ ಪ್ರತಿ ಅಡಿಗೂ ತಿಂಗಳ ಖರ್ಚಿದೆ.

ಸರಕು ಹೀಗೆ ಕೂರುವುದಕ್ಕೆ ದೊಡ್ಡ ಕಾರಣ ‘ಸ್ಕೀಂ’. ಹತ್ತು ಪೆಟ್ಟಿಗೆ ತೆಗೆದುಕೊಂಡರೆ ಒಂದು ಉಚಿತ ಎಂದು ಸೇಲ್ಸ್‌ಮನ್ ತಿಂಗಳ ಕೊನೆಯಲ್ಲಿ ಬಂದು ನಿಲ್ಲುತ್ತಾನೆ. ಅವನಿಗೆ ಟಾರ್ಗೆಟ್ ಮುಟ್ಟಬೇಕು, ಅಂಗಡಿಯವರಿಗೆ ಉಚಿತ ಬೇಕು. ಉಚಿತವಾಗಿ ಬಂದ ಪೆಟ್ಟಿಗೆ ಮಾರಾಟವಾಗುವ ಹೊತ್ತಿಗೆ ನಾಲ್ಕು ತಿಂಗಳಾಗಿದ್ದರೆ ಅದು ಉಚಿತವೇನೂ ಅಲ್ಲ. 2025ರ ಸೆಪ್ಟೆಂಬರ್ 22ರಂದು ಸೋಪು, ಶಾಂಪೂ, ಟೂತ್‌ಪೇಸ್ಟ್, ತಲೆಗೆ ಹಚ್ಚುವ ಎಣ್ಣೆಯ ಜಿಎಸ್‌ಟಿ ಶೇ 18ರಿಂದ ಶೇ 5ಕ್ಕೆ ಇಳಿದಾಗ ಇದು ಅನೇಕರಿಗೆ ಅರಿವಾಯಿತು. ವಾರಕ್ಕೆ ಬೇಕಾದಷ್ಟೇ ಇಟ್ಟುಕೊಂಡವರು ಮರುದಿನದಿಂದಲೇ ಹೊಸ ದರಕ್ಕೆ ಹೊಂದಿಕೊಂಡರು. ತಿಂಗಳುಗಟ್ಟಲೆ ಸರಕು ತುಂಬಿಸಿಕೊಂಡವರು ಹಳೆಯ ಎಂಆರ್‌ಪಿಯ ಪೆಟ್ಟಿಗೆಗಳ ನಡುವೆ ಗಿರಾಕಿಗಳಿಗೆ ಸಮಜಾಯಿಷಿ ಕೊಡುತ್ತಾ ನಿಂತರು.

ಹೆಜ್ಜೆ 3: ಎಲ್ಲದಕ್ಕೂ ಒಂದೇ ಅಳತೆಯ ಲಾಭ ಬೇಡ

ಗಿರಾಕಿ ಎಲ್ಲ ಸಾಮಾನಿನ ಬೆಲೆಯನ್ನೂ ನೆನಪಿಟ್ಟುಕೊಳ್ಳುವುದಿಲ್ಲ. ಅಡುಗೆ ಎಣ್ಣೆ, ಸಕ್ಕರೆ, ತೊಗರಿಬೇಳೆ, ಅಕ್ಕಿ, ಮನೆಯಲ್ಲಿ ಬಳಸುವ ಚಹಾ ಪುಡಿ, ಬಟ್ಟೆ ಸೋಪು: ಹೋಲಿಕೆ ನಡೆಯುವುದು ಹೆಚ್ಚಾಗಿ ಇಂಥ ಹತ್ತು-ಹದಿನೈದು ವಸ್ತುಗಳಲ್ಲಿ. ಸೂಪರ್‌ಮಾರ್ಕೆಟ್‌ನವರು ಜಾಹೀರಾತಿನಲ್ಲಿ ತೋರಿಸುವುದೂ ಇವುಗಳ ಬೆಲೆಯನ್ನೇ. ಎಂಆರ್‌ಪಿ ಎಂಬುದು ಗರಿಷ್ಠ ಬೆಲೆ. ಅದಕ್ಕಿಂತ ಹೆಚ್ಚು ತೆಗೆದುಕೊಳ್ಳುವಂತಿಲ್ಲ, ಆದರೆ ಕಡಿಮೆಗೆ ಮಾರಲು ಯಾವ ಅಡ್ಡಿಯೂ ಇಲ್ಲ. ಆ ಹತ್ತು ವಸ್ತುಗಳ ಬೆಲೆಯನ್ನು ಎರಡು-ಮೂರು ರೂಪಾಯಿ ಇಳಿಸಿ, ಬೋರ್ಡಿನಲ್ಲಿ ದೊಡ್ಡದಾಗಿ ಬರೆದು ಹಾಕಬೇಕು. ಲವಂಗ, ಏಲಕ್ಕಿ, ಗಸಗಸೆ, ಪೂಜಾ ಸಾಮಗ್ರಿ, ಬಿಡಿ ಮಸಾಲೆಯಲ್ಲಿ ಬರುವ ಲಾಭ ಆ ಇಳಿಕೆಯನ್ನು ತುಂಬಿಕೊಡುತ್ತದೆ. ಎಲ್ಲದರ ಬೆಲೆಯನ್ನೂ ಇಳಿಸಲು ಹೋದರೆ ಮಾತ್ರ ಅಂಗಡಿ ಮುಳುಗುತ್ತದೆ.

ಹೆಜ್ಜೆ 4: ಉದ್ರಿ ನಿಲ್ಲಿಸಬೇಡಿ, ಅದಕ್ಕೊಂದು ಮಿತಿ ಹಾಕಿ

‘ಇಂದು ನಗದು, ನಾಳೆ ಉದ್ರಿ’ ಎಂಬ ಬೋರ್ಡಿನ ಕೆಳಗೇ ಕೂತು ದಪ್ಪ ಉದ್ರಿ ಪುಸ್ತಕ ತೆರೆಯುವ ಅಂಗಡಿಯವರು ಎಲ್ಲ ಊರಲ್ಲೂ ಇದ್ದಾರೆ. ಉದ್ರಿ ಕೆಟ್ಟದ್ದು, ನಿಲ್ಲಿಸಿಬಿಡಿ ಎಂದು ಸಲಹೆ ಕೊಡುವುದು ಸುಲಭ. ಆದರೆ ಆ್ಯಪ್‌ಗಳು ಕೊಡಲಾರದ್ದನ್ನು ಬೀದಿಯ ಅಂಗಡಿ ಕೊಡುವುದು ಇಲ್ಲೇ. ಸಂಬಳ ತಡವಾದಾಗ, ಬೆಳೆ ಕೈಗೆ ಬರುವ ಮುನ್ನ, ಮನೆಯಲ್ಲಿ ಕಾಯಿಲೆ ಬಿದ್ದಾಗ ಅಕ್ಕಿ ಕೊಡುವ ಅಂಗಡಿಯನ್ನು ಜನ ಮರೆಯುವುದಿಲ್ಲ. ಹಾಗಾಗಿ ಪ್ರಶ್ನೆ ಉದ್ರಿ ಬೇಕೋ ಬೇಡವೋ ಎಂಬುದಲ್ಲ; ಯಾರಿಗೆ, ಎಷ್ಟು, ಯಾವಾಗಿನವರೆಗೆ ಎಂಬುದು.

ಮೊದಲು ಉದ್ರಿಯ ಖರ್ಚು ತಿಳಿಯಬೇಕು. ಒಂದು ಲಕ್ಷ ರೂಪಾಯಿ ಸದಾ ಉದ್ರಿಯಲ್ಲೇ ಇದೆ, ಆ ಬಂಡವಾಳವನ್ನು ನೂರಕ್ಕೆ ಎರಡು ರೂಪಾಯಿ ಬಡ್ಡಿಗೆ ಹೊರಗಿನಿಂದ ತಂದಿದ್ದೀರಿ ಎಂದಿಟ್ಟುಕೊಂಡರೆ ತಿಂಗಳಿಗೆ 2,000 ರೂಪಾಯಿ ಬಡ್ಡಿಗೇ ಹೋಗುತ್ತದೆ. ಅಂಗಡಿಯ ಸರಾಸರಿ ಲಾಭ ಶೇ 8 ಆದರೆ, ಆ 2,000 ದುಡಿಯಲು 25,000 ರೂಪಾಯಿ ವ್ಯಾಪಾರ ಮಾಡಬೇಕು. ಅಷ್ಟು ದುಡಿಮೆ ಗಿರಾಕಿಯ ಅನುಕೂಲಕ್ಕೆ ಸಂದಾಯವಾಯಿತು.

ಇನ್ನು ಮಾಡಬೇಕಾದ್ದು. ಉದ್ರಿ ಪುಸ್ತಕದಲ್ಲಿರುವ ಹೆಸರುಗಳನ್ನು ಮೂರು ಗುಂಪು ಮಾಡಿ. ತಿಂಗಳ ಮೊದಲ ವಾರ ತಪ್ಪದೆ ತೀರಿಸುವವರು, ಎಳೆದಾಡಿ ಕೊಡುವವರು, ಆರು ತಿಂಗಳಿಂದ ಅಂಗಡಿ ಮುಂದೆ ಹಾಯುವಾಗ ಆಚೆ ರಸ್ತೆ ಹಿಡಿಯುವವರು. ಮೊದಲ ಗುಂಪಿಗೆ ಮಿತಿ ಹೆಚ್ಚಿಸಬಹುದು, ಅವರೇ ಅಂಗಡಿಯ ಆಸ್ತಿ. ಎರಡನೆಯ ಗುಂಪಿಗೆ ಒಂದು ಮೊತ್ತ ಗೊತ್ತುಮಾಡಿ, ಅದು ತುಂಬಿದ ಮೇಲೆ ಅರ್ಧವಾದರೂ ತೀರಿಸದೆ ಮುಂದಿನ ಸಾಮಾನಿಲ್ಲ ಎಂದು ಮೊದಲೇ ಹೇಳಿಬಿಡಬೇಕು. ಮೂರನೆಯವರಿಗೆ ಬಾಕಿಯನ್ನು ಕಂತು ಮಾಡಿಕೊಡಿ. ಎಲ್ಲ ಒಟ್ಟಿಗೆ ಕೇಳಿದರೆ ಬಾಕಿಯೂ ಬರುವುದಿಲ್ಲ, ಗಿರಾಕಿಯೂ ಮರಳುವುದಿಲ್ಲ.

ಸಣ್ಣ ಸಣ್ಣ ಕಂತಿನ ಶಕ್ತಿ ಕರಾವಳಿಗೆ ಚೆನ್ನಾಗಿ ಗೊತ್ತು. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ, 1928ರಲ್ಲಿ ಪಿಗ್ಮಿ ಯೋಜನೆ ತಂದಿತು. ಜನ ಬ್ಯಾಂಕಿಗೆ ಬರಬೇಕು ಎಂಬುದು ಅಂದಿನ ರೂಢಿ. ಟಿ.ಎಂ.ಎ. ಪೈ ಮತ್ತು ಸಂಗಡಿಗರು ಅದನ್ನು ತಿರುಗಿಸಿ ಬ್ಯಾಂಕಿನ ಏಜೆಂಟನನ್ನೇ ಮನೆ ಬಾಗಿಲಿಗೆ ಕಳಿಸಿದರು. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕಿತ್ತು. ಹಳೆಯ ಉದ್ರಿ ವಸೂಲಿಗೂ ಇದೇ ಉಪಾಯ ಸಾಕು: ತಿಂಗಳಿಗೆ 600 ಕೊಡಲಾಗದ ಮನೆ ದಿನಕ್ಕೆ 20 ಕೊಟ್ಟೀತು. ಇಲ್ಲೊಂದು ಎಚ್ಚರಿಕೆ ಇದೆ. ಬಡ್ಡಿಯ ಆಸೆ ತೋರಿಸಿ ಗಿರಾಕಿಗಳಿಂದ ಹಣ ಸಂಗ್ರಹಿಸುವ ‘ಹಬ್ಬದ ಚೀಟಿ’ಗೆ ಕೈಹಾಕಬೇಡಿ. ಅನಿಯಂತ್ರಿತ ಠೇವಣಿ ಯೋಜನೆಗಳನ್ನು ನಿಷೇಧಿಸುವ 2019ರ ಕಾಯ್ದೆಯಡಿ ಅದು ಅಪರಾಧವಾಗಬಹುದು.

ಹೆಜ್ಜೆ 5: ಹತ್ತು ನಿಮಿಷದ ಓಟಕ್ಕೆ ಇಳಿಯಬೇಡಿ

ಅಂಗಡಿಗೊಬ್ಬ ಹುಡುಗ, ಅವನಿಗೊಂದು ಸ್ಕೂಟರ್, ಕರೆದಾಗಲೆಲ್ಲ ಓಡು ಎಂದರೆ ನಲವತ್ತು ರೂಪಾಯಿಯ ಬ್ರೆಡ್ಡಿಗೆ ಪೆಟ್ರೋಲ್ ಸುಟ್ಟು ನಷ್ಟವಾಗುತ್ತದೆ. ಆ್ಯಪ್ ಕಂಪನಿಗಳು ಇದನ್ನು ಹೂಡಿಕೆದಾರರ ಹಣದಿಂದ ನಡೆಸಿಕೊಂಡು ಬಂದಿವೆ. ಗಿರಾಕಿ ಒಳಗೆ ಬರದ, ಸಾಮಾನು ತುಂಬಲೆಂದೇ ಇರುವ ಗೋದಾಮುಗಳನ್ನು ಬಡಾವಣೆಗೊಂದರಂತೆ ತೆರೆದಿವೆ. ಅದರ ಮೇಲೆ ಡೆಲಿವರಿ ಶುಲ್ಕ, ಹ್ಯಾಂಡ್ಲಿಂಗ್ ಶುಲ್ಕಗಳನ್ನೂ ಬಿಲ್ಲಿಗೆ ಸೇರಿಸುತ್ತವೆ.

ಬೀದಿಯ ಅಂಗಡಿ ದಿನಕ್ಕೆ ಎರಡೇ ಸುತ್ತು ಇಟ್ಟುಕೊಳ್ಳಲಿ. ಬೆಳಿಗ್ಗೆ ಹತ್ತರೊಳಗೆ ಬಂದ ಚೀಟಿಗೆ ಹನ್ನೊಂದರ ಸುತ್ತು, ಸಂಜೆ ಐದರೊಳಗೆ ಬಂದದ್ದಕ್ಕೆ ಆರರ ಸುತ್ತು. ಒಂದೇ ರಸ್ತೆಯ ಎಂಟು ಮನೆಗೆ ಒಟ್ಟಿಗೆ ಹೋದರೆ ಖರ್ಚು ಎಂಟರಲ್ಲಿ ಹಂಚಿಹೋಗುತ್ತದೆ. ತಿಂಗಳ ಸಾಮಾನಿಗೆ ಜನ ಹತ್ತು ನಿಮಿಷ ಕೇಳುವುದಿಲ್ಲ, ಹೇಳಿದ ಹೊತ್ತಿಗೆ ಬರಲಿ ಎನ್ನುತ್ತಾರೆ ಅಷ್ಟೇ. ಚೀಟಿ ತೆಗೆದುಕೊಳ್ಳಲು ವಾಟ್ಸ್‌ಆ್ಯಪ್ ಬಿಸಿನೆಸ್ ಆ್ಯಪ್ ಸಾಕು, ಅದು ಉಚಿತ. ಅಂಗಡಿಯ ಸಮಯ, ವಿಳಾಸ, ಸಾಮಾನಿನ ಚಿತ್ರ ಹಾಗೂ ಬೆಲೆಯ ಪಟ್ಟಿ ಹಾಕಬಹುದು. ಅಜ್ಜಿ ಕೈಬರಹದಲ್ಲಿ ಬರೆದ ಚೀಟಿಯ ಫೋಟೋವನ್ನೂ ಧ್ವನಿ ಸಂದೇಶವನ್ನೂ ಅದರಲ್ಲೇ ಸ್ವೀಕರಿಸಿ. ಆದರೆ ದಿನಕ್ಕೆ ನಾಲ್ಕು ಸಲ ‘ಶುಭೋದಯ’ ಮತ್ತು ಆಫರ್ ಕಳಿಸಿದರೆ ಗಿರಾಕಿ ಬ್ಲಾಕ್ ಮಾಡುವುದು ಖಚಿತ.

ಒಳಗಿನ ಜೋಡಣೆಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಜಾಗವಿದ್ದರೆ ಕೌಂಟರ್ ಹಿಂದೆ ಸರಿಸಿ ನಾಲ್ಕು ಅಡಿ ಒಳಗೆ ಬಿಡಿ. ಕೈಯಿಂದ ಮುಟ್ಟಿ ನೋಡಿದವರು ಚೀಟಿಯಲ್ಲಿ ಇಲ್ಲದ್ದನ್ನೂ ಕೊಳ್ಳುತ್ತಾರೆ. ದೀಪ ಬೆಳ್ಳಗಿರಲಿ.

ಹೆಜ್ಜೆ 6: ಬೇರೆಲ್ಲೂ ಸಿಗದ ಒಂದು ಸಾಮಾನು ಇರಲಿ

ಕಂಪನಿ ಸೋಪು ಎಲ್ಲ ಕಡೆ ಒಂದೇ, ಹಾಗಾಗಿ ಅಲ್ಲಿ ಸ್ಪರ್ಧೆ ಬೆಲೆಯಲ್ಲಿ ಮಾತ್ರ. ಬೆಲೆಯ ಜಗಳದಿಂದ ಹೊರಬರುವ ದಾರಿ ಅಂಗಡಿಯದ್ದೇ ಆದ ಸರಕು.

ಐಡಿ ಫ್ರೆಶ್ ಕಂಪನಿಯ ಕಥೆ ಕಿರಾಣಿ ಅಂಗಡಿಯಿಂದಲೇ ಶುರುವಾಗುತ್ತದೆ. ವಯನಾಡಿನ ಪಿ.ಸಿ. ಮುಸ್ತಫಾ ಅವರ ಸೋದರಸಂಬಂಧಿಗಳು ಬೆಂಗಳೂರಿನ ತಿಪ್ಪಸಂದ್ರದಲ್ಲಿ ಅಂಗಡಿ ನಡೆಸುತ್ತಿದ್ದರು. ಪ್ಲಾಸ್ಟಿಕ್ ಚೀಲಕ್ಕೆ ರಬ್ಬರ್ ಬ್ಯಾಂಡ್ ಬಿಗಿದು ಮಾರುವ ದೋಸೆ ಹಿಟ್ಟನ್ನು ಜನ ಕೊಳ್ಳುವುದೂ ಅದರ ಗುಣಮಟ್ಟದ ಬಗ್ಗೆ ಗೊಣಗುವುದೂ ಅವರ ಗಮನಕ್ಕೆ ಬಂತು. 2005ರಲ್ಲಿ ಪುಟ್ಟ ಅಡುಗೆಮನೆಯಲ್ಲಿ ಹಿಟ್ಟು ರುಬ್ಬಲು ಶುರು ಮಾಡಿದರು. ಇವತ್ತು ಆ ಹಿಟ್ಟು ಕೊಲ್ಲಿ ರಾಷ್ಟ್ರಗಳಲ್ಲೂ ಮಾರಾಟವಾಗುತ್ತದೆ. ಗಿರಾಕಿಯ ಗೊಣಗಾಟ ಕೌಂಟರಿನ ಈಚೆ ನಿಂತವರಿಗೆ ಮಾತ್ರ ಕೇಳಿಸುವಂಥದ್ದು.

ಎಂಟಿಆರ್‌ನದು ಇನ್ನೂ ಹಳೆಯ ಪಾಠ. 1924ರಲ್ಲಿ ಶುರುವಾದ ಹೋಟೆಲಿಗೆ ತುರ್ತು ಪರಿಸ್ಥಿತಿಯ ಕಾಲದ ದರ ನಿಯಂತ್ರಣ ಬಿಸಿ ತಟ್ಟಿಸಿತು. ಸರ್ಕಾರ ಹೇಳಿದ ಬೆಲೆಗೆ, ತಮ್ಮ ಗುಣಮಟ್ಟದ ತಿಂಡಿ ಕೊಡುವುದು ಅಸಾಧ್ಯವಾಯಿತು. ಹೋಟೆಲು ಮುಚ್ಚಿದ ಮಯ್ಯ ಕುಟುಂಬ, ಇದ್ದ ಕೈಗಳಿಗೆ ಕೆಲಸ ಕೊಡಲು ಮಸಾಲೆ ಪುಡಿ ಮತ್ತು ತಿಂಡಿಯ ಸಿದ್ಧ ಮಿಶ್ರಣಗಳ ವ್ಯಾಪಾರಕ್ಕೆ ತಿರುಗಿತು. ಆ ಪೊಟ್ಟಣದ ವ್ಯಾಪಾರವೇ ಬೆಳೆದು 2007ರಲ್ಲಿ ನಾರ್ವೆಯ ಓರ್ಕ್ಲಾ ಕಂಪನಿಯ ಪಾಲಾಯಿತು.

ಎಲ್ಲರೂ ಎಂಟಿಆರ್ ಆಗಬೇಕಿಲ್ಲ. ಬೀದಿಯಲ್ಲೇ ಒಳ್ಳೆಯ ಚಟ್ನಿಪುಡಿ, ಸಾರಿನ ಪುಡಿ, ಹಪ್ಪಳ, ಶೇಂಗಾ ಹೋಳಿಗೆ ಮಾಡುವ ಒಂದು ಮನೆ ಇರುತ್ತದೆ. ಕಲಬುರಗಿಯಲ್ಲಿ ಮಹಿಳಾ ಸ್ವಸಹಾಯ ಸಂಘಗಳ ಜೋಳದ ರೊಟ್ಟಿ ‘ಕಲಬುರಗಿ ರೊಟ್ಟಿ’ ಎಂಬ ಹೆಸರಿನಲ್ಲಿ ಪ್ಯಾಕೆಟ್ಟಾಗಿ ಮಾರುಕಟ್ಟೆಗೆ ಬಂದಿದೆ. ಅಂಥವರ ಜೊತೆ ಮಾತಾಡಿ, ಮೊದಲು ಒಂದೇ ಪದಾರ್ಥ ಇಟ್ಟು ನೋಡಿ. ಮಾಡುವವರಿಗೆ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಇರಬೇಕು. ಆ 14 ಅಂಕಿಗಳ ಸಂಖ್ಯೆ, ತಯಾರಿಸಿದವರ ಹೆಸರು, ವಿಳಾಸ, ಬಳಸಿದ ಪದಾರ್ಥಗಳು, ನಿವ್ವಳ ತೂಕ, ತಯಾರಿಸಿದ ದಿನ, ಬಳಕೆಯ ಅವಧಿ, ಎಂಆರ್‌ಪಿ, ದೂರಿಗೆ ಫೋನ್ ಸಂಖ್ಯೆ ಪೊಟ್ಟಣದ ಮೇಲಿರಲಿ. ‘ಮನೆಯಲ್ಲೇ ಮಾಡಿದ್ದು’ ಎಂಬ ಕಾರಣಕ್ಕೆ ಕಾನೂನು ರಿಯಾಯಿತಿ ಕೊಡುವುದಿಲ್ಲ.

ಹೆಜ್ಜೆ 7: ಪಕ್ಕದ ಅಂಗಡಿಯವರ ಜೊತೆ ಸೇರಿ ಕೊಳ್ಳಿ

ಎದುರಿನ ಕಿರಾಣಿ ಅಂಗಡಿಯೇ ಶತ್ರು ಎಂಬ ಹಳೆಯ ಲೆಕ್ಕಕ್ಕೆ ಈಗ ಅರ್ಥವಿಲ್ಲ. ಡಿ-ಮಾರ್ಟ್ ಅಗ್ಗವಾಗಿ ಮಾರಲು ಕಾರಣಗಳಲ್ಲಿ ಒಂದು, ಪೂರೈಕೆದಾರರಿಗೆ ಬೇಗ ಹಣ ಕೊಟ್ಟು ಕೊಳ್ಳುವ ಬೆಲೆಯನ್ನು ಇಳಿಸಿಕೊಳ್ಳುವುದು. 2002ರಲ್ಲಿ ಮುಂಬೈನ ಪೊವಾಯಿಯಲ್ಲಿ ಮೊದಲ ಮಳಿಗೆ ತೆರೆದಾಗಿನಿಂದ ಅದು ಹಿಗ್ಗಿದ್ದೂ ನಿಧಾನವಾಗಿಯೇ. ಅದಕ್ಕಿಂತ ಒಂದು ವರ್ಷ ಮೊದಲು ಶುರುವಾಗಿ, ಸಾಲದ ಬಲದಲ್ಲಿ ದೇಶದ ತುಂಬ ಹಬ್ಬಿದ ಬಿಗ್ ಬಜಾರ್ 2022ರ ಹೊತ್ತಿಗೆ ಕುಸಿದುಬಿತ್ತು. ಸಣ್ಣವರು ಡಿ-ಮಾರ್ಟ್‌ನಿಂದ ಕಲಿಯಬಹುದಾದದ್ದು ಅದರ ಹೊಳೆಯುವ ರ‍್ಯಾಕುಗಳನ್ನಲ್ಲ, ನಗದು ಕೊಟ್ಟು ಕೊಳ್ಳುವ ಶಿಸ್ತನ್ನು.

ಐದು ಅಂಗಡಿಯವರು ಸೇರಿ ಸಕ್ಕರೆ, ಬೇಳೆ, ಅಕ್ಕಿಯನ್ನು ಎಪಿಎಂಸಿ ಯಾರ್ಡಿನಲ್ಲಿ ಒಟ್ಟಿಗೆ ನಗದು ಕೊಟ್ಟು ಕೊಂಡರೆ ಕ್ವಿಂಟಲಿಗೆ ಸಿಗುವ ರಿಯಾಯಿತಿಯೂ ಉಂಟು, ಲಾರಿ ಬಾಡಿಗೆಯೂ ಉಳಿಯುತ್ತದೆ. ಎರಡು-ಮೂರು ವಸ್ತುಗಳಿಂದ ಶುರು ಮಾಡಿ, ಹಣ ಮುಂಗಡವಾಗಿ ಹಾಕಿ, ತೂಕ ಹಂಚಿಕೆ ಮಂಡಿಯಲ್ಲೇ ಮುಗಿಯಲಿ. ಜಗಳ ಹುಟ್ಟುವುದು ಹಣ ಬಾಕಿ ಉಳಿದಾಗ ಮಾತ್ರ.

ಸೇರಿ ಮಾಡುವ ಕೆಲಸ ಕರ್ನಾಟಕಕ್ಕೆ ಹೊಸದಲ್ಲ. 1973ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕ್ಯಾಂಪ್ಕೊ ಅಡಿಕೆ ಬೆಳೆಗಾರರ ಸಹಕಾರಿ. ಕಂಪನಿಗಳು ಕೋಕೋ ಖರೀದಿಯಿಂದ ಹಿಂದೆ ಸರಿದಾಗ ಅದೇ ಮುಂದೆ ಬಂದು ಖರೀದಿಸಿ, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ತೆರೆಯಿತು. ಈಚಿನ ಉದಾಹರಣೆ ನಮ್ಮ ಯಾತ್ರಿ. ಪ್ರತಿ ಬಾಡಿಗೆಯಲ್ಲೂ ಕಮಿಷನ್ ಕತ್ತರಿಸುವ ಆ್ಯಪ್‌ಗಳಿಂದ ಬೇಸತ್ತ ಬೆಂಗಳೂರಿನ ಆಟೊ ಚಾಲಕರ ಸಂಘ ಮತ್ತು ಜಸ್‌ಪೇ ಕಂಪನಿ 2022ರಲ್ಲಿ ಅದನ್ನು ತಂದವು. ಮುಂದೆ ಚಾಲಕರಿಗೆ ದಿನಕ್ಕೆ 25 ರೂಪಾಯಿ ಕೊಟ್ಟರೆ ಎಷ್ಟು ಬಾಡಿಗೆಯಾದರೂ ಹೊಡೆಯಬಹುದಾದ ವ್ಯವಸ್ಥೆ ಬಂತು. ಕಮಿಷನ್ ಇಲ್ಲದೆ ಆ್ಯಪ್ ನಡೆಯದು ಎಂಬುದೂ ಬರೀ ರೂಢಿಯಾಗಿತ್ತು ಎಂಬುದು ಗೊತ್ತಾದದ್ದು ಆಗ.

ಇವನ್ನು ಮಾತ್ರ ಕೈಬಿಡಬೇಡಿ

ಹೊಸತನದ ಉತ್ಸಾಹದಲ್ಲಿ ಕೆಲವು ಒಳ್ಳೆಯ ಹಳೆಯ ಪದ್ಧತಿಗಳೂ ಕೊಚ್ಚಿಹೋಗುವುದುಂಟು. ಹತ್ತು ರೂಪಾಯಿಗೆ ಸಾಸಿವೆ, ಕಾಲು ಕಿಲೋ ಬೆಲ್ಲ, ಒಂದೇ ಒಂದು ತೆಂಗಿನಕಾಯಿ ಕೊಡುವುದು ಅಂಥದ್ದು. ಸಣ್ಣ ಅಳತೆಯ ಬೆಲೆ ದೊಡ್ಡ ಕಂಪನಿಗಳಿಗೂ ತಡವಾಗಿ ತಿಳಿಯಿತು. ತಮಿಳುನಾಡಿನ ಕಡಲೂರಿನಿಂದ 1983ರಲ್ಲಿ ಚಿಕ್ ಶಾಂಪೂ ಆರಂಭಿಸಿದ ಸಿ.ಕೆ. ರಂಗನಾಥನ್, ಬಾಟಲಿ ಕೊಳ್ಳಲಾಗದ ಹಳ್ಳಿಯವರಿಗೆ ಸ್ಯಾಷೆಯಲ್ಲಿ ಶಾಂಪೂ ಮಾರಿಯೇ ಬಹುರಾಷ್ಟ್ರೀಯ ಕಂಪನಿಗಳಿಗೆ ಪೈಪೋಟಿ ಕೊಟ್ಟರು. ಆ್ಯಪ್‌ನಲ್ಲಿ ಹತ್ತು ರೂಪಾಯಿಯ ಸಾಸಿವೆ ಸಿಗುವುದಿಲ್ಲ. ಕೆಟ್ಟ ಮಾಲನ್ನು ಮರುಮಾತಿಲ್ಲದೆ ವಾಪಸ್ ತೆಗೆದುಕೊಳ್ಳುವುದು, ಹಬ್ಬಕ್ಕೆ ಮುಂಚೆ ಯಾವ ಮನೆಗೆ ಏನು ಬೇಕೆಂದು ತಿಳಿದಿರುವುದು ಕೂಡ ಇದೇ ಸಾಲಿಗೆ ಸೇರುತ್ತವೆ.

ಹೆಜ್ಜೆ 8: ಲೆಕ್ಕವನ್ನು ತೆರಿಗೆಯವರಿಗಿಂತ ಮೊದಲು ನೀವು ನೋಡಿ

2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ, ಯುಪಿಐ ವಹಿವಾಟಿನ ಮೊತ್ತ ನೋಡಿ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತು. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ ಬಂದ ಸುಮಾರು 29 ಲಕ್ಷ ರೂಪಾಯಿಯ ನೋಟಿಸು ದೇಶದಾದ್ಯಂತ ಸುದ್ದಿಯಾಯಿತು. ಎಷ್ಟೋ ಕಡೆ ಕ್ಯೂಆರ್ ಕೋಡ್ ಕಿತ್ತು ‘ನಗದು ಮಾತ್ರ’ ಎಂಬ ಬೋರ್ಡು ಹಾಕಿದರು. ಆಮೇಲೆ ಸರ್ಕಾರ ಮೆತ್ತಗಾಯಿತು, ಬೋರ್ಡುಗಳೂ ಇಳಿದವು. ಕ್ಯೂಆರ್ ಕಿತ್ತದ್ದು ಸಿಟ್ಟಿಗೆ ಸರಿ, ವ್ಯಾಪಾರಕ್ಕೆ ಸರಿಯಲ್ಲ. ಜೇಬಿನಲ್ಲಿ ನೋಟೇ ಇಲ್ಲದೆ ಓಡಾಡುವ ಗಿರಾಕಿ ಮುಂದಿನ ಅಂಗಡಿಗೆ ಹೋಗುತ್ತಾರೆ.

ನಿಯಮ ಇಷ್ಟು. ಸರಕು ಮಾತ್ರ ಮಾರುವವರು ವರ್ಷದ ವಹಿವಾಟು 40 ಲಕ್ಷ ರೂಪಾಯಿ ದಾಟಿದರೆ ಜಿಎಸ್‌ಟಿ ನೋಂದಣಿ ಮಾಡಿಸಬೇಕು. ಸೇವೆ ಕೊಡುವವರಿಗೆ ಈ ಮಿತಿ 20 ಲಕ್ಷ. ತಾಜಾ ತರಕಾರಿ, ಹಣ್ಣಿನಂತಹ ತೆರಿಗೆ ಇಲ್ಲದ ವಸ್ತುಗಳನ್ನಷ್ಟೇ ಮಾರುವವರಿಗೆ ನೋಂದಣಿ ಕಡ್ಡಾಯವಲ್ಲ, ಆದರೆ ತಾವು ಮಾರಿದ್ದು ಅದನ್ನೇ ಎಂದು ತೋರಿಸಲು ಖರೀದಿ ಚೀಟಿಗಳಿರಬೇಕು. ವಹಿವಾಟು 1.5 ಕೋಟಿಯೊಳಗಿದ್ದರೆ ರಾಜಿ ತೆರಿಗೆ ಪದ್ಧತಿ ಆರಿಸಿಕೊಳ್ಳಬಹುದು. ಅದರಲ್ಲಿ ವ್ಯಾಪಾರಿ ತೆರಿಗೆಗೆ ಒಳಪಡುವ ಮಾರಾಟದ ಮೇಲೆ ಶೇ 1 ಕಟ್ಟಿದರೆ ಆಯಿತು. ತೆರಿಗೆ ಕಟ್ಟುವುದು ಮೂರು ತಿಂಗಳಿಗೊಮ್ಮೆ, ರಿಟರ್ನ್ ವರ್ಷಕ್ಕೊಮ್ಮೆ. ಆದರೆ ಆ ತೆರಿಗೆಯನ್ನು ಗಿರಾಕಿಯಿಂದ ವಸೂಲಿ ಮಾಡುವಂತಿಲ್ಲ, ಕೊಂಡ ಸರಕಿನ ಮೇಲೆ ಕೊಟ್ಟ ತೆರಿಗೆ ವಾಪಸ್ ಸಿಗುವುದಿಲ್ಲ, ಬೇರೆ ರಾಜ್ಯಕ್ಕೆ ಮಾರುವಂತಿಲ್ಲ. ಹೆಚ್ಚಾಗಿ ಮನೆಮಂದಿಗೆ ಮಾರುವ ಅಂಗಡಿಗೆ ಇದು ಹೊಂದುತ್ತದೆ. ಹೋಟೆಲು, ಕಂಪನಿ ಕ್ಯಾಂಟೀನುಗಳಿಗೆ ಮಾರುವವರಿಗೆ ಮಾಮೂಲಿ ನೋಂದಣಿಯೇ ಲೇಸು, ಏಕೆಂದರೆ ಅವರು ತೆರಿಗೆ ಬಿಲ್ ಕೇಳುತ್ತಾರೆ.

ಇವತ್ತೇ ಮಾಡಬಹುದಾದ ಕೆಲಸವೆಂದರೆ ಅಂಗಡಿಗೆ ಪ್ರತ್ಯೇಕ ಬ್ಯಾಂಕ್ ಖಾತೆ ತೆರೆದು ಕ್ಯೂಆರ್ ಕೋಡನ್ನು ಅದಕ್ಕೆ ಜೋಡಿಸುವುದು. ಮಗಳ ಮದುವೆಗೆ ನೆಂಟರು ಕಳಿಸಿದ ಹಣ, ಗೆಳೆಯ ತೀರಿಸಿದ ಕೈಸಾಲ, ಅಕ್ಕಿ ಮಾರಿದ ದುಡ್ಡು ಮೂರೂ ಒಂದೇ ಖಾತೆಗೆ ಬಿದ್ದರೆ ಯಾವುದು ವ್ಯಾಪಾರ ಎಂದು ವಿವರಿಸುವ ಹೊರೆ ಅಂಗಡಿಯವರ ಮೇಲೆಯೇ ಬೀಳುತ್ತದೆ.

ಎಂಟೂ ಹೆಜ್ಜೆಯನ್ನು ಒಂದೇ ತಿಂಗಳಲ್ಲಿ ಇಡಲು ಹೋಗಬೇಡಿ. ಬರೆದಿಡುವುದು, ಕೂತ ಸರಕು ಖಾಲಿ ಮಾಡುವುದು, ಉದ್ರಿಗೆ ಮಿತಿ ಹಾಕುವುದು, ಖಾತೆ ಬೇರೆ ಮಾಡುವುದು: ಈ ನಾಲ್ಕಕ್ಕೆ ಹೊಸ ಬಂಡವಾಳ ಬೇಡ, ಹಾಗಾಗಿ ಅವೇ ಮೊದಲು. ಜಿಎಸ್‌ಟಿ ನೋಂದಣಿಗೂ ಕೇಂದ್ರದ ಉದ್ಯಮ್ ನೋಂದಣಿಗೂ ಸರ್ಕಾರಿ ಶುಲ್ಕವಿಲ್ಲ. ‘ಫೀಸು’ ಎಂದು ಯಾರಾದರೂ ಕೇಳಿದರೆ ಅದು ಮಧ್ಯವರ್ತಿಯ ಕೂಲಿ ಎಂದು ತಿಳಿಯಿರಿ. ಈಗಾಗಲೇ ಜಿಎಸ್‌ಟಿ ನೋಂದಣಿ ಇದ್ದು ಮುಂದಿನ ಹಣಕಾಸು ವರ್ಷದಿಂದ ರಾಜಿ ತೆರಿಗೆಗೆ ಬದಲಾಗಬೇಕೆಂದಿರುವವರು ಮಾರ್ಚ್ 31ರೊಳಗೆ ಜಿಎಸ್‌ಟಿ ಪೋರ್ಟಲ್‌ನಲ್ಲಿ ಅರ್ಜಿ ಸಲ್ಲಿಸಬೇಕು.